ಕುದ್ರುವಿನ ಬಸವನಹುಳು: ಹೆಕ್ಕಿದಷ್ಟೂ ಯಾಕೆ ಮುಗಿಯುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಶಿರಿಯ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ (ದ್ವೀಪದಲ್ಲಿ). ಒಟ್ಟು ಮೂವತ್ತರಷ್ಟು ಮನೆಗಳಿವೆ. ತೆಂಗು, ಸ್ವಲ್ಪ ಕಂಗು (ಅಡಿಕೆ), ಬಾಳೆ, ಮನೆ ಹಿಂದೆ ಬಸಳೆ, ತೊಂಡೆ. ಮೂರು ಮಳೆಗಾಲದ ಹಿಂದೆ ಒಂದು ಹೊಸ ಮನೆಯ ಪಂಚಾಂಗಕ್ಕೆ (ತಳಪಾಯಕ್ಕೆ) ತುಂಬಿಸಲು ದೋಣಿಯಲ್ಲಿ ಮಣ್ಣು ತಂದರು. ಮರುವರ್ಷದಿಂದ ದೊಡ್ಡ ದೊಡ್ಡ ಬಸವನಹುಳುಗಳು ಕಾಣತೊಡಗಿದವು. ಈಗ ಬಪ್ಪಂಗಾಯಿ (ಪಪ್ಪಾಯಿ) ಸಸಿ ಒಂದೂ ಉಳಿಯುತ್ತಿಲ್ಲ, ಬಸಳೆ ಚಪ್ಪರದಲ್ಲಿ ದಂಟು ಮಾತ್ರ, ಸುಣ್ಣ ಬಳಿದ ಗೋಡೆಯನ್ನೂ ಕೆರೆಯುತ್ತವೆ. ಕಳೆದ ಆಟಿಯಲ್ಲಿ (ಜುಲೈ–ಆಗಸ್ಟ್) ನೆರೆಹೊರೆಯ ಹೆಂಗಸರ ಕುಟುಂಬಶ್ರೀ ಅಯಲ್ಕೂಟದವರು ಸೇರಿ ಬಕೆಟ್‌ಗಟ್ಟಲೆ ಹೆಕ್ಕಿ ಹೊಳೆಗೆ ಎಸೆದೆವು. ಮೊದಲ ದಿನ ಎಲ್ಲ ಮನೆಯವರೂ ಬಂದರು. ಮೂರನೇ ವಾರಕ್ಕೆ ಉಳಿದದ್ದು ನಾವು ನಾಲ್ಕು ಹೆಂಗಸರು. ಹುಳು ಮಾತ್ರ ಕಡಿಮೆಯಾಗಲಿಲ್ಲ. ಹೊಗೆಸೊಪ್ಪಿನ ಕಷಾಯಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಸೇರಿಸಿ ಸಿಂಪಡಿಸಿ ಎಂದು ಕೆಲವರು ಹೇಳುತ್ತಾರೆ. "ಎಂಡೋಸಲ್ಫಾನ್ ಸಾಕಾಗಲಿಲ್ಲವಾ, ಇನ್ನೂ ವಿಷ ಬೇಕಾ" ಎಂದು ಹಿರಿಯರು ಬೈಯುತ್ತಾರೆ. ಇದನ್ನು ತಿನ್ನುವ ಯಾವುದಾದರೂ ಪ್ರಾಣಿ ತಂದು ಬಿಡಬಹುದಾ? ಮುಟ್ಟಿದರೆ ಮಿದುಳು ಜ್ವರ ಬರುತ್ತದೆ ಎಂದು ಶಾಲೆಯ ಮಕ್ಕಳು ಹೆದರಿದ್ದಾರೆ. ಇದಕ್ಕೆ ಕೊನೆ ಇದೆಯಾ?

— ಕುಂಬಳೆ ಕಡೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು. ಅವುಗಳ ಹಿಂದೆ ಇರುವ ಸಂಕಟ ಒಂದೇ: ಇಷ್ಟು ದುಡಿದರೂ ಯಾಕೆ ಮುಗಿಯಲಿಲ್ಲ, ನಾವೇ ಏನಾದರೂ ತಪ್ಪಿದೆವಾ? ನಿಮ್ಮ ನಾಲ್ಕು ಜನರ ದುಡಿಮೆಯಲ್ಲಿ ಕೊರತೆ ಕಾಣುವುದಿಲ್ಲ. ಹೆಕ್ಕಿದ ತಿಂಗಳು ಸರಿಯಿರಲಿಲ್ಲ, ಎಸೆದ ಜಾಗ ಸರಿಯಿರಲಿಲ್ಲ, ಉಳಿದ ಇಪ್ಪತ್ತಾರು ಮನೆಗಳು ಕೈಬಿಟ್ಟದ್ದಂತೂ ಎಲ್ಲಕ್ಕಿಂತ ದೊಡ್ಡ ಪೆಟ್ಟು. ಈ ಮೂರನ್ನೂ ತಿದ್ದಬಹುದು. ಮದ್ದಿನ ಪ್ರಶ್ನೆ ಇವುಗಳ ನಂತರದ್ದು. ಆದರೂ ಅದಕ್ಕೂ ಬರುತ್ತೇನೆ, ಯಾಕೆಂದರೆ ನಿಮ್ಮ ಕುದ್ರುವಿನಲ್ಲಿ ಜಗಳ ನಡೆಯುತ್ತಿರುವುದು ಅದರ ಮೇಲೆಯೇ.

ಮೊದಲು ಹುಳುವಿನ ಗುರುತು ಖಚಿತವಾಗಲಿ. ನೀವು ಹೇಳುವ ಲಕ್ಷಣಗಳೆಲ್ಲ ಆಫ್ರಿಕದ ದೈತ್ಯ ಬಸವನಹುಳುವಿನವು. ಮಲಯಾಳ ಪತ್ರಿಕೆಗಳಲ್ಲಿ ಬರುವ 'ಆಫ್ರಿಕನ್ ಒಚ್ಚ್' ಇದೇ. ಚಿಪ್ಪು ಉದ್ದವಾಗಿ, ತುದಿ ಚೂಪಾಗಿ, ಕಂದು ಬಣ್ಣದ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಬಲಿತದ್ದು ಸಾಮಾನ್ಯವಾಗಿ 7ರಿಂದ 10 ಸೆಂಟಿಮೀಟರ್. ಇನ್ನೂ ದೊಡ್ಡವೂ ಉಂಟು. ಗದ್ದೆಯ ನೀರಿನಲ್ಲಿರುವ, ಚಿಪ್ಪು ಗುಂಡಗಿದ್ದು ಬಾಯಿಗೆ ಗಟ್ಟಿ ಮುಚ್ಚಳವಿರುವ ಬಸವನಹುಳು ನಮ್ಮದೇ ನೆಲದ್ದು. ತೋಟದ ತರಗೆಲೆಯಡಿ ಕಾಣುವ ಚಪ್ಪಟೆ ಸುರುಳಿಯ ಸಣ್ಣ ಜಾತಿಗಳೂ ಸ್ಥಳೀಯವೇ. ಉತ್ಸಾಹದಲ್ಲಿ ಹೆಕ್ಕುವವರು ಇವನ್ನೂ ಬಕೆಟ್‌ಗೆ ಹಾಕುವುದನ್ನು ನೋಡಿದ್ದೇನೆ. ಪ್ರತಿ ಮನೆಯಲ್ಲೂ ತೊಳೆದ ಒಂದು ಖಾಲಿ ಚಿಪ್ಪು ಮಾದರಿಗಾಗಿ ಇರಲಿ. ಚಿತ್ರ ತೋರಿಸುವುದಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ.

ಇದರ ಮೂಲ ಪೂರ್ವ ಆಫ್ರಿಕದ ಕರಾವಳಿ. ಭಾರತಕ್ಕೆ ತಂದವನು ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ. 1847ರಲ್ಲಿ ಮಾರಿಷಸ್‌ನಿಂದ ತಂದ ಹುಳುಗಳು ಕಲ್ಕತ್ತೆಯ ಚೌರಂಗಿಯ ತೋಟವೊಂದನ್ನು ಸೇರಿದವು. ಅಂಡಮಾನಿಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀಯರ ಜೊತೆ ಬಂದವು ಎನ್ನುತ್ತಾರೆ. ಕೇರಳದಲ್ಲಿ ಪಾಲಕ್ಕಾಡ್ ಕಡೆ 1970ರ ದಶಕದಲ್ಲಿ ಕಂಡವು. ಈ ಹುಳು ತಾನಾಗಿ ಹರಿದು ಊರೂರು ದಾಟುವುದು ಬಹಳ ನಿಧಾನ. ಅದನ್ನು ಒಯ್ದದ್ದು ಮರದ ದಿಮ್ಮಿಯ ಲಾರಿ, ಮಣ್ಣಿನ ಲೋಡು, ಹಟ್ಟಿಗೊಬ್ಬರದ ಚೀಲ, ಬಾಳೆಕಂದು, ನರ್ಸರಿ ಗಿಡದ ತೊಟ್ಟೆ. ನಿಮ್ಮಲ್ಲಿಗೆ ಪಂಚಾಂಗದ ಮಣ್ಣಿನಲ್ಲೇ ಬಂದಿರುವ ಸಂಭವ ಹೆಚ್ಚು. ಆದರೆ ಆ ಮನೆಯವರನ್ನು ದೂರಿ ಕೂತರೆ ಮುಂದಿನ ಕೆಲಸಕ್ಕೆ ಅವರು ಸೇರುವುದಿಲ್ಲ. ಮಣ್ಣಿನಲ್ಲಿ ಏನಿದೆ ಎಂದು ಅವರಿಗೂ ಯಾರೂ ಹೇಳಿರಲಿಲ್ಲ. ಕೂಟದಲ್ಲಿ ಈ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನು, ಹೆಕ್ಕಿದಷ್ಟೂ ಯಾಕೆ ಮುಗಿಯಲಿಲ್ಲ ಎಂಬುದು. ಒಂದೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಕೂಡಲು ಇನ್ನೊಂದು ಬೇಕು. ಆದರೆ ಒಮ್ಮೆ ಕೂಡಿದರೆ ವೀರ್ಯವನ್ನು ಒಳಗೇ ತಿಂಗಳುಗಟ್ಟಲೆ ಉಳಿಸಿಕೊಂಡು ಒಂಟಿಯಾಗಿಯೇ ಮತ್ತೆ ಮತ್ತೆ ಮೊಟ್ಟೆ ಇಡಬಲ್ಲದು. ಒಂದು ಸಲಕ್ಕೆ ನೂರರಿಂದ ನಾನ್ನೂರರವರೆಗೆ, ವರ್ಷಕ್ಕೆ ಹಲವು ಸಲ. ಮೊಟ್ಟೆ ಇಡುವುದು ಸಡಿಲ ಮಣ್ಣಿನಲ್ಲಿ, ಕೆಲವೇ ಅಂಗುಲ ಆಳದಲ್ಲಿ: ಬಾಳೆಬುಡ, ಗೊಬ್ಬರದ ಗುಂಡಿಯ ಅಂಚು, ಕಟ್ಟಪುಣಿಯ ಪಕ್ಕ. ಕೈಯಲ್ಲಿ ಕೆದಕಿ ನೋಡಿ. ದೊಡ್ಡ ಸಾಬಕ್ಕಿಯನ್ನು ನೆನೆಹಾಕಿ ಗುಪ್ಪೆ ಮಾಡಿಟ್ಟಂತೆ, ಹಳದಿಮಿಶ್ರಿತ ಬಿಳಿಯ ಮೊಟ್ಟೆಗಳು ಒಂದೇ ಕಡೆ ಸಿಗುತ್ತವೆ. ಒಂದೆರಡು ವಾರದಲ್ಲಿ ಒಡೆಯುತ್ತವೆ. ಮರಿಗಳು ಐದಾರು ತಿಂಗಳಿಗೆ ಮೊಟ್ಟೆ ಇಡುವ ಪ್ರಾಯಕ್ಕೆ ಬರಬಹುದು.

ಈಗ ನಿಮ್ಮ ಆಟಿಯ ಕೆಲಸವನ್ನು ನೋಡಿ. ಜೂನ್ ಮೊದಲ ಮಳೆಗೆ ಹುಳು ಎದ್ದು ಮೇಯ್ದು, ಕೂಡಿ, ಮೊಟ್ಟೆ ಇಟ್ಟಾಗಿತ್ತು. ನೀವು ಹೆಕ್ಕಿದ್ದು ಆ ಮೇಲೆ. ದೊಡ್ಡವೆಲ್ಲ ಬಕೆಟ್‌ಗೆ ಬಂದವು, ಮೊಟ್ಟೆ ಮಣ್ಣಿನಲ್ಲಿ ಉಳಿಯಿತು. ಎರಡು ವಾರ ಕಳೆದು ಉಗುರಿನಷ್ಟು ಸಣ್ಣವು ನೂರಾರು ಕಂಡಾಗ "ಹೆಕ್ಕಿದರೂ ಹೆಚ್ಚೇ ಆಯಿತಲ್ಲ" ಎಂದು ಜನ ಸೋತದ್ದು ಸಹಜ. ಅದು ಹೆಚ್ಚಾದದ್ದಲ್ಲ, ಮೊದಲೇ ಇಟ್ಟದ್ದು ಹೊರಬಂದದ್ದು. ಇಷ್ಟನ್ನು ಮೊದಲೇ ಹೇಳಿಟ್ಟಿದ್ದರೆ ಮೂರನೇ ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಜನ ಉಳಿಯುತ್ತಿದ್ದರು ಎಂದು ನನ್ನ ಅಂದಾಜು. ಜನರಿಗೆ ತಿಳಿವಳಿಕೆ ಕೊಡುವುದು ಎಂದರೆ ನನ್ನ ಲೆಕ್ಕದಲ್ಲಿ ಇದು: ಕೆಲಸ ಶುರುವಾದ ಮೇಲೆ ಯಾವ ವಾರ ಏನು ಕಾಣುತ್ತದೆ, ಯಾವಾಗ ಬೇಸರ ಬರುತ್ತದೆ ಎಂದು ಮುಂಚೆಯೇ ಹೇಳುವುದು. ಕರಪತ್ರದಲ್ಲಿ 'ಪರಿಸರ ಉಳಿಸಿ' ಎಂದು ಬರೆದರೆ ಯಾರೂ ರಾತ್ರಿ ಟಾರ್ಚ್ ಹಿಡಿದು ಹೊರಡುವುದಿಲ್ಲ.

ಹೊಳೆಗೆ ಎಸೆದ ವಿಷಯ. ಇದು ನೆಲದ ಜೀವಿ, ನೀರಲ್ಲಿ ಬದುಕುವುದಿಲ್ಲ ಎಂಬುದು ನಿಜ. ಆದರೆ ಬಿದ್ದ ಕೂಡಲೇ ಸಾಯುವುದೂ ಇಲ್ಲ. ಸಿಹಿನೀರಿನಲ್ಲಿ ತಾಸುಗಟ್ಟಲೆ ತಡೆಯುತ್ತದೆ. ಆಟಿಯ ಹೊಳೆಯೆಂದರೆ ಪೂರ್ತಿ ಸಿಹಿನೀರಿನ ನೆರೆ. ತೇಲಿ ಬರುವ ಮಡಲಿಗೋ ಬಾಳೆದಿಂಡಿಗೋ ಅಂಟಿಕೊಂಡರೆ ಕೆಳಗಿನ ದಡದಲ್ಲಿ ಇಳಿಯುತ್ತದೆ. ನೀವು ಎಸೆದವುಗಳಲ್ಲಿ ಕೆಲವು ನಿಮ್ಮದೇ ಕುದ್ರುವಿನ ಮೇಲ್ತುದಿಯಿಂದ ಕೆಳತುದಿಗೆ ಬಂದಿರಲೂಬಹುದು. ಇನ್ನು ಮುಂದೆ ಒಂದೂ ಹೊಳೆಗೆ ಹೋಗಬಾರದು.

ಕೊಲ್ಲಲು ಉಪ್ಪುನೀರು ಸಾಕು. ಲೀಟರಿಗೆ ಸುಮಾರು 200 ಗ್ರಾಂ ಕಲ್ಲುಪ್ಪು ಕರಗಿಸಿದ ಬಕೆಟ್‌ಗೆ ಹಾಕಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಮುಗಿಯುತ್ತದೆ. ನಂತರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ಬಾವಿಯಿಂದ ದೂರ. ಹುಳುವಿನ ಮೇಲೆ ತೋಟದಲ್ಲೇ ಉಪ್ಪು ಎರಚುವ ಅಭ್ಯಾಸ ಬಿಡಿ, ತರಕಾರಿ ಸಾಲಿನ ಮಣ್ಣು ಕೆಡುತ್ತದೆ. ಬಕೆಟ್‌ನ ಉಪ್ಪುನೀರನ್ನು ಫಲ ಬಿಡುವ ತೆಂಗಿನ ಬುಡಕ್ಕೆ ಸುರಿಯಬಹುದು, ತೆಂಗು ಅದನ್ನು ತಡೆಯುತ್ತದೆ. ಖಾಲಿ ಚಿಪ್ಪುಗಳನ್ನೂ ಹೂಳಿ ಅಥವಾ ಪುಡಿಮಾಡಿ. ಅಂಗಾತ ಬಿದ್ದ ಚಿಪ್ಪಿನಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ಹೆಕ್ಕುವ ಕಾಲ ಯಾವುದು? ಹೆಚ್ಚಿನವರು ಮಳೆಗಾಲ ಎನ್ನುತ್ತಾರೆ, ಕಣ್ಣಿಗೆ ಕಾಣುವುದು ಆಗಲೇ ಆದ್ದರಿಂದ. ನಾನು ಬೇಸಿಗೆ ಎನ್ನುತ್ತೇನೆ. ನಿಮ್ಮ ಪತ್ರ ಬಂದದ್ದು ಫೆಬ್ರವರಿ ಕೊನೆಗೆ. ಪತ್ತನಾಜೆಗೆ (ಮೇ ಕೊನೆಯ ವಾರ, ಮಳೆಗಾಲದ ಹೊಸ್ತಿಲು) ಇನ್ನೂ ಎರಡೂವರೆ ತಿಂಗಳಿಗಿಂತ ಹೆಚ್ಚು ಸಮಯ ಇದೆ. ಈಗ ಹುಳುಗಳು ನಿದ್ದೆಯಲ್ಲಿವೆ. ಚಿಪ್ಪಿನ ಬಾಯಿಗೆ ತೆಳು ಬಿಳಿ ಮುಚ್ಚಳ ಎಳೆದುಕೊಂಡು ನೆರಳು ಇರುವಲ್ಲಿ ಗುಂಪಾಗಿ ಅಂಟಿಕೊಂಡಿರುತ್ತವೆ. ಹಳೇ ಕೆಂಪುಕಲ್ಲಿನ ರಾಶಿ, ಮಡಲಿನ ಅಟ್ಟಿ, ಬಚ್ಚಲ ಹಿಂದಿನ ಗೋಡೆ, ಬಾವಿಕಟ್ಟೆಯ ಒಳಮೈ, ಮಗುಚಿ ಹಾಕಿದ ಹಳೇ ದೋಣಿಯ ಅಡಿ, ಕಂಗಿನ ಹಾಳೆಯ ಒಟ್ಟಲು. ಒಂದು ಕಲ್ಲು ತಿರುಗಿಸಿದರೆ ಹತ್ತಿಪ್ಪತ್ತು ಸಿಗುವುದುಂಟು. ಓಡುವುದಿಲ್ಲ, ಅಡಗುವುದಿಲ್ಲ, ರಾತ್ರಿ ಕಾಯುವ ಕೆಲಸವೂ ಇಲ್ಲ. ಈಗ ತೆಗೆದ ಒಂದೊಂದೂ ಜೂನ್‌ನಲ್ಲಿ ಮೊಟ್ಟೆ ಇಡಬೇಕಾಗಿದ್ದ ಹುಳು. ಒಂದು ಎಚ್ಚರಿಕೆ: ಮುಚ್ಚಳ ಹಾಕಿಕೊಂಡದ್ದಕ್ಕೆ ಉಪ್ಪು ಬೇಗ ತಾಗುವುದಿಲ್ಲ. ಚಿಪ್ಪು ಒಡೆದು ಹಾಕಿ, ಇಲ್ಲವೇ ಎರಡು ದಿನ ಉಪ್ಪುನೀರಿನಲ್ಲೇ ಬಿಡಿ. ಕಲ್ಲಿನ ರಾಶಿ ಕೆದಕುವಾಗ ಹಾವಿನ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ.

ಬೇಸಿಗೆಯ ಈ ಶೋಧದಲ್ಲಿ ತಪ್ಪಿಸಿಕೊಂಡವು ಮೊದಲ ಮಳೆಗೆ ಏಳುತ್ತವೆ. ಆಗಿನ ಮೂರು ನಾಲ್ಕು ವಾರ ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ಹೆಕ್ಕುವುದು ಎರಡನೇ ಸುತ್ತು. ಸಂಜೆ ಅಲ್ಲಲ್ಲಿ ಒದ್ದೆ ಗೋಣಿ ಹಾಸಿ, ಅದರ ಮೇಲೆ ಬಪ್ಪಂಗಾಯಿ ಎಲೆ, ಬಾಳೆಹಣ್ಣಿನ ಸಿಪ್ಪೆ, ಅಂಗಡಿಯವರು ಬಿಸಾಡುವ ಕ್ಯಾಬೇಜ್ ಎಲೆ ಇಟ್ಟರೆ ಹುಳು ತಾನೇ ಬಂದು ಸೇರುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ಗೋಣಿ ಎತ್ತಿದರಾಯಿತು. ಮೊಣಕಾಲು ನೋವಿನ ಹಿರಿಯರಿಗೂ ಆಗುವ ಕೆಲಸ ಇದು.

ಈಗ ಇಪ್ಪತ್ತಾರು ಮನೆಗಳ ಮಾತು. ಹುಳುವಿಗೆ ಬೇಲಿ ಇಲ್ಲ. ನಾಲ್ಕು ಹಿತ್ತಿಲು ಶುಚಿಯಾದರೆ ಪಕ್ಕದ ಹಿತ್ತಿಲಿನವು ಕೆಲವೇ ರಾತ್ರಿಗಳಲ್ಲಿ ಅಲ್ಲಿಗೆ ದಾಟುತ್ತವೆ, ಏಕೆಂದರೆ ಚಿಗುರು ಉಳಿದಿರುವುದು ಅಲ್ಲೇ. ಹಾಗಾಗಿ ಒಂದು ಮನೆ ವರ್ಷವಿಡೀ ದಿನಾ ಹೆಕ್ಕುವುದಕ್ಕಿಂತ ಮೂವತ್ತು ಮನೆಗಳು ವಾರಕ್ಕೊಂದೇ ರಾತ್ರಿ, ಆದರೆ ಅದೇ ರಾತ್ರಿ, ಹೆಕ್ಕುವುದು ಎಷ್ಟೋ ಮೇಲು. ಇಲ್ಲಿ ನಿಮ್ಮ ಕುದ್ರು ನಿಮಗೆ ಅನುಕೂಲ. ಪೇಟೆಯಂಚಿನ ಊರಿನಲ್ಲಿ ಗಡಿ ಎಲ್ಲಿ ಎಂದೇ ತಿಳಿಯುವುದಿಲ್ಲ. ನಿಮಗೆ ಸುತ್ತಲೂ ನೀರಿನ ಬೇಲಿ ಇದೆ, ಬಾಗಿಲು ಎಂದರೆ ಕಡವು (ದೋಣಿ ನಿಲ್ಲುವ ಜಾಗ) ಮಾತ್ರ.

ಬಾರದವರು ಯಾಕೆ ಬರುತ್ತಿಲ್ಲ ಎಂದು ಕೇಳಿದ್ದೀರಾ? ಕೇಳಿದರೆ ಪ್ರತಿ ಮನೆಗೂ ಬೇರೆ ಕಾರಣ ಇರುತ್ತದೆ. ಕರಾವಳಿಯ ಊರುಗಳಲ್ಲಿ ನಾನು ಕಂಡದ್ದು ಹೀಗೆ. ಕೆಲವರಿಗೆ ಅಸಹ್ಯ, ಲೋಳೆ ಮುಟ್ಟಲಾರರು. ಅವರಿಗೆ ಇಕ್ಕಳ ಅಥವಾ ಕೈಗೆ ಪ್ಲಾಸ್ಟಿಕ್ ಚೀಲ ಕೊಡಿ. ಕೆಲವರಿಗೆ ಕೊಲ್ಲುವುದು ಪಾಪ ಎಂಬ ಮನಸ್ಸು. ಅವರೊಡನೆ ವಾದ ಬೇಡ. ಗೋಣಿ ಹಾಸುವುದು, ಮಡಲಿನ ರಾಶಿ ಒಕ್ಕಿ ಬಿಸಿಲಿಗೆ ಹರಡುವುದು, ಲೆಕ್ಕ ಬರೆಯುವುದು ಅವರ ಪಾಲಿಗಿರಲಿ. ನಾಗಬನದ ಒಳಗೆ ಕತ್ತಿ ಆಡಿಸಬೇಡಿ ಎಂದು ಹೇಳುವವರಿರುತ್ತಾರೆ, ಅವರು ಹೇಳುವುದೂ ಸರಿಯೇ. ಬನದ ಮರಗಳೂ ಅಲ್ಲಿನ ಸ್ಥಳೀಯ ಜೀವಿಗಳೂ ಉಳಿಯಬೇಕಾದವು. ಬನದ ಹೊರ ಅಂಚಿಗೆ ಸಾಲಾಗಿ ಗೋಣಿ ಹಾಸಿದರೆ ಮೇಯಲು ಹೊರಬರುವ ಹುಳು ಅಲ್ಲೇ ಸಿಗುತ್ತದೆ.

ಇನ್ನು ಭಾಷೆ. ನಿಮ್ಮ ಮೂವತ್ತು ಮನೆಗಳಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ ಇರಬಹುದು. ಕಚೇರಿಯಿಂದ ಬರುವ ನೋಟೀಸು ಸಾಮಾನ್ಯವಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದನ್ನು ಓದಲಾರರು, ಓದಲಾಗದ್ದನ್ನು ಕೇಳಲು ಸಂಕೋಚಪಡುತ್ತಾರೆ. ಕನ್ನಡದಲ್ಲೂ ಕೊಡಿ ಎಂದು ಪಂಚಾಯತಿನಲ್ಲಿ ಕೇಳುವ ಹಕ್ಕು ನಿಮಗಿದೆ. ಅಲ್ಲಿಯವರೆಗೆ ವಾಟ್ಸಾಪಿನಲ್ಲಿ ತುಳುವಿನಲ್ಲೊಂದು, ಬ್ಯಾರಿಯಲ್ಲೊಂದು ಅರ್ಧ ನಿಮಿಷದ ಧ್ವನಿ ಸಂದೇಶ ಸಾಕು: 'ಇಂದು ರಾತ್ರಿ ಎಂಟಕ್ಕೆ, ಟಾರ್ಚ್ ಮತ್ತು ಬಕೆಟ್.' ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ, ಪರಿಚಯದ ದನಿಯಲ್ಲಿ ಬಂದ ಕರೆಗೆ ಬೆಲೆ ಹೆಚ್ಚು.

ಬೀಗ ಹಾಕಿದ ಮನೆಗಳು ನಿಜವಾದ ತಲೆನೋವು. ಯಜಮಾನರು ಮುಂಬಯಿಯಲ್ಲೋ ದುಬೈಯಲ್ಲೋ, ಹಿತ್ತಿಲಲ್ಲಿ ಸೊಂಟದೆತ್ತರದ ಬಲ್ಲೆ. ಹುಳುವಿಗೆ ಅದೇ ತವರು. ಫೋನ್ ಮಾಡಿ ಅನುಮತಿ ಪಡೆದು, ಸಂದೇಶ ಉಳಿಸಿಕೊಂಡು ಒಳಹೋಗಿ. ಎಷ್ಟೋ ಜನ ಸಂತೋಷದಿಂದ ಒಪ್ಪುತ್ತಾರೆ, ಬಲ್ಲೆ ಕಡಿಸುವ ಖರ್ಚನ್ನೂ ಕಳಿಸುತ್ತಾರೆ. ಒಪ್ಪದಿದ್ದರೆ ವಾರ್ಡ್ ಮೆಂಬರರ ಮೂಲಕ ಹೋಗಿ. ಪ್ಲಾಸ್ಟಿಕ್ ಸಂಗ್ರಹಕ್ಕೆ ಮನೆಮನೆಗೆ ಬರುವ ಹರಿತ ಕರ್ಮಸೇನೆಯವರಿಗೆ ಯಾವ ಮನೆ ಎಷ್ಟು ಕಾಲದಿಂದ ಮುಚ್ಚಿದೆ ಎಂಬುದು ಬಾಯಿಪಾಠ, ಅವರನ್ನೂ ಸೇರಿಸಿಕೊಳ್ಳಿ.

ಕಿಲೋಗೆ ಇಷ್ಟು ಎಂದು ಹಣ ಕೊಟ್ಟರೆ ಎಲ್ಲರೂ ಬರುತ್ತಾರೆ ಎಂಬ ಸಲಹೆ ನಿಮ್ಮ ಕೂಟದಲ್ಲೂ ಬಂದೇ ಬರುತ್ತದೆ. ನನಗೆ ಅದು ಇಷ್ಟವಿಲ್ಲ. ತೂಕಕ್ಕೆ ಹಣವಾದರೆ ದೊಡ್ಡವನ್ನಷ್ಟೇ ಹೆಕ್ಕುತ್ತಾರೆ, ಉಗುರುಗಾತ್ರದವನ್ನು ಬಿಡುತ್ತಾರೆ. ಹುಳು ಅಪರೂಪವಾದಾಗ, ಅಂದರೆ ಕೆಲಸ ನಿಜವಾಗಿ ಮುಖ್ಯವಾಗುವ ಹೊತ್ತಿಗೆ, ಲಾಭವಿಲ್ಲ ಎಂದು ಬಿಡುತ್ತಾರೆ. ಆಚೆ ದಡದಿಂದ ಚೀಲದಲ್ಲಿ ತಂದು ತೂಗಿಸುವವರು ಒಬ್ಬರಾದರೂ ಹುಟ್ಟುತ್ತಾರೆ, ಅದರಲ್ಲಿ ನಾಲ್ಕು ದಾರಿಯಲ್ಲೇ ಬಿದ್ದುಹೋಗುತ್ತವೆ. ಹಣವಿದ್ದರೆ ಕೈಗವಸು, ಟಾರ್ಚ್, ಉಪ್ಪು, ಮಳೆಯಲ್ಲಿ ಹೆಕ್ಕಿ ಬಂದವರಿಗೆ ಚಹಾ ಮತ್ತು ಗೋಳಿಬಜೆಗೆ ಖರ್ಚು ಮಾಡಿ.

ಲೆಕ್ಕ ಇಡುವುದನ್ನು ಮಾತ್ರ ಬಿಡಬೇಡಿ. ಪ್ರತಿ ರಾತ್ರಿ ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಬಕೆಟ್. ಒಟ್ಟು ಬಕೆಟ್ ನೋಡಬೇಡಿ, ಒಬ್ಬರು ಒಂದು ಗಂಟೆಗೆ ಎಷ್ಟು ಹೆಕ್ಕಿದರು ಎಂಬುದನ್ನು ನೋಡಿ. ಜನ ಕಡಿಮೆ ಬಂದ ದಿನ ಬಕೆಟ್ ಕಡಿಮೆಯಾದರೆ ಹುಳು ಕಡಿಮೆಯಾಯಿತೆಂದಲ್ಲ. ದೊಡ್ಡವು ಬೇರೆ, ಸಣ್ಣವು ಬೇರೆ ಬರೆಯಿರಿ. ದೊಡ್ಡವು ಇಳಿದು ಸಣ್ಣವು ಏರಿದರೆ ನೀವು ಸರಿದಾರಿಯಲ್ಲಿದ್ದೀರಿ. ಈ ಪುಸ್ತಕ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೃಷಿ ಭವನಕ್ಕೂ ತೋರಿಸಲು ಬೇಕಾಗುತ್ತದೆ. ಬರೇ ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಜಾಸ್ತಿ.

ಈಗ ಮದ್ದು. ನಿಮ್ಮ ಹಿರಿಯರ ಕೋಪವನ್ನು ಅಜ್ಞಾನ ಎಂದು ತಳ್ಳಿಹಾಕುವವರಲ್ಲಿ ನಾನಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇದೇ ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಏನಾಯಿತು ಎಂಬುದನ್ನು ದೇಶವೇ ನೋಡಿದೆ. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. 'ಏನೂ ಆಗುವುದಿಲ್ಲ' ಎಂದು ಆಗಲೂ ಹೇಳಿದ್ದರು. ಆದ್ದರಿಂದ ಯಾವ ಮದ್ದು ತಂದರೂ ಏನಾಗಬಹುದು ಎಂದು ಮೊದಲೇ ಹೇಳುವುದು ನಮ್ಮಂಥವರ ಕರ್ತವ್ಯ.

ಹೊಗೆಸೊಪ್ಪು–ಮೈಲುತುತ್ತಿನ ಮಿಶ್ರಣ ಕೇರಳದಲ್ಲಿ ಹಲವು ಕಡೆ ಬಳಕೆಯಲ್ಲಿದೆ: 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸುವುದು, 60 ಗ್ರಾಂ ಮೈಲುತುತ್ತನ್ನು ಇನ್ನೊಂದು ಲೀಟರಿನಲ್ಲಿ ಕರಗಿಸಿ ಸೇರಿಸುವುದು. ಹುಳುವಿನ ಮೈಗೆ ಬಿದ್ದರೆ ಸಾಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಲೆಕ್ಕ ಹಾಕಿ. ಎರಡು ಲೀಟರಿಗೆ 60 ಗ್ರಾಂ ಎಂದರೆ ಶೇಕಡಾ 3. ಕಂಗಿಗೆ ಮಹಾಳಿ (ಕೊಳೆರೋಗ) ಬಾರದಂತೆ ನೀವು ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಶೇಕಡಾ 1, ಅದೂ ಸುಣ್ಣ ಸೇರಿಸಿ ಖಾರ ಮುರಿದದ್ದು. ಇದರಲ್ಲಿ ಸುಣ್ಣವಿಲ್ಲ. ಎಲೆಗೆ ಬಿದ್ದರೆ ಸುಡುತ್ತದೆ. ಹೊಗೆಸೊಪ್ಪು ಗಿಡದಿಂದ ಬಂದದ್ದು, ಹಾಗಾಗಿ ನಿರುಪದ್ರವಿ ಎಂಬುದೂ ತಪ್ಪು. ನಿಕೋಟಿನ್ ಚರ್ಮದ ಮೂಲಕ ಮೈಗೆ ಏರುವ ವಿಷ. ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮದು ಕುದ್ರು. ಮೀನಿಗೂ ಮರುವಾಯಿಗೂ (ಹೊಳೆಯ ಚಿಪ್ಪುಜೀವಿಗೂ) ಮೈಲುತುತ್ತಿನ ತಾಮ್ರ ಕಡು ವಿಷ. ಮಳೆಗಾಲದಲ್ಲಿ ಹಿತ್ತಿಲಿಗೆ ಸಿಂಪಡಿಸಿದ್ದು ಮರುದಿನ ಹೊಳೆಯಲ್ಲಿರುತ್ತದೆ. ಮಣ್ಣಿನಲ್ಲಿ ಉಳಿದದ್ದು ಕೊಳೆತು ಹೋಗುವ ವಸ್ತುವೂ ಅಲ್ಲ, ಸೇರುತ್ತಾ ಹೋಗುತ್ತದೆ. ಆದ್ದರಿಂದ ಕುದ್ರುವಿನ ಮಟ್ಟಿಗೆ ಬೀಸಾಗಿ ಸಿಂಪಡಿಸುವುದು ಬೇಡವೇ ಬೇಡ. ಗೋಣಿಯಡಿ ಸೇರಿದ ಹುಳುವಿನ ಮೇಲೆ ಬೇಕಾದರೆ ಬಿಡಬಹುದು. ಆದರೆ ಅಲ್ಲಿ ಸೇರಿದ್ದನ್ನು ಕೈಯಿಂದಲೇ ತೆಗೆಯಬಹುದಲ್ಲ?

ತಾಮ್ರ ನಿಜಕ್ಕೂ ಉಪಯೋಗವಾಗುವುದು ಇನ್ನೊಂದು ಕಡೆ. ಶೇಕಡಾ 10ರ ಬೋರ್ಡೋ ಪೇಸ್ಟನ್ನು ಬಪ್ಪಂಗಾಯಿ, ಎಳೆಗಂಗು ಮೊದಲಾದವುಗಳ ಕಾಂಡಕ್ಕೆ ಗೇಣಗಲ ಬಳಿದರೆ ಹುಳು ಅದನ್ನು ದಾಟಿ ಹತ್ತಲು ಹಿಂಜರಿಯುತ್ತದೆ. ಹುಳು ಸಾಯುವುದಿಲ್ಲ, ಗಿಡ ಉಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಇನ್ನೊಂದು ದಾರಿ. ಹುಳುವನ್ನು ಸೆಳೆದು ಕೊಲ್ಲುತ್ತದೆ. ನಾಯಿಯನ್ನೂ ಸೆಳೆಯುತ್ತದೆ, ತಿಂದ ನಾಯಿ ನಡುಗಿ ನಡುಗಿ ಸಾಯಬಹುದು. ಕೋಳಿ, ದನಕ್ಕೂ ಅಪಾಯ. ಮಳೆಗೆ ನೆನೆದರೆ ಬಲ ಕುಗ್ಗುತ್ತದೆ. ಬೀಗ ಹಾಕಿದ ಹಿತ್ತಿಲಿನಲ್ಲಿ, ಮಕ್ಕಳು ಸಾಕುಪ್ರಾಣಿಗಳು ಹೋಗದಲ್ಲಿ, ಪೈಪಿನ ತುಂಡಿನೊಳಗೆ ಇಟ್ಟು, ಯಾರು ಎಲ್ಲಿ ಎಷ್ಟು ಇಟ್ಟರು ಎಂದು ಬರೆದಿಡಬಲ್ಲಿರಾದರೆ, ಕೃಷಿ ಭವನದ ಅಧಿಕಾರಿಯನ್ನು ಕೇಳಿ ಮುಂದುವರಿಯಬಹುದು. ಹಿರಿಯರು ಅದಕ್ಕೂ ಬೇಡವೆಂದರೆ ಬಿಟ್ಟುಬಿಡಿ. ಮೂವತ್ತು ಮನೆಗಳ ಒಗ್ಗಟ್ಟು ಒಡೆದು ಗುಳಿಗೆ ಹಾಕುವುದರಿಂದ ನಷ್ಟವೇ ಹೆಚ್ಚು.

ಬೇರೆ ಪ್ರಾಣಿ ತಂದು ಬಿಡುವ ಯೋಚನೆ ಮಾತ್ರ ಖಂಡಿತ ಬೇಡ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಲ್ಲಿ ಇದೇ ಆಫ್ರಿಕನ್ ಹುಳುವಿನ ಕಾಟಕ್ಕೆ 1977ರಲ್ಲಿ ಅಮೆರಿಕ ಮೂಲದ, ಬೇರೆ ಬಸವನಹುಳುಗಳನ್ನು ತಿನ್ನುವ ಒಂದು ಜಾತಿಯನ್ನು ತಂದು ಬಿಟ್ಟರು. ಅದಕ್ಕೆ ದೈತ್ಯನಿಗಿಂತ ಅಲ್ಲಿನ ಮರಗಳ ಮೇಲಿದ್ದ ಸಣ್ಣ ಸ್ಥಳೀಯ ಹುಳುಗಳು ಸುಲಭದ ತುತ್ತಾದವು. ಹತ್ತೇ ವರ್ಷದಲ್ಲಿ ಆ ಸ್ಥಳೀಯ ಜಾತಿಗಳು ದ್ವೀಪದ ಕಾಡಿನಿಂದ ಇಲ್ಲವಾದವು. ಅವುಗಳ ಚಿಪ್ಪಿನಿಂದ ಹಾರ ಕಟ್ಟುತ್ತಿದ್ದ ಹೆಂಗಸರ ಕಸುಬೂ ಹೋಯಿತು. ಬಾತುಕೋಳಿ ಸಾಕುವುದು ಬೇರೆ ಮಾತು. ಸಂಜೆ ಗೂಡಿಗೆ ಬರುವ ಪ್ರಾಣಿ ಅದು. ಮರಿಹುಳು, ಮೊಟ್ಟೆಗಳನ್ನು ತಿನ್ನುತ್ತದೆ, ದೊಡ್ಡವನ್ನು ನುಂಗಲಾರದು.

ಮಕ್ಕಳ ಹೆದರಿಕೆಯಲ್ಲಿ ಅರ್ಧ ಸತ್ಯ ಇದೆ. ಇಲಿಯ ಶ್ವಾಸಕೋಶದಲ್ಲಿ ವಾಸಿಸುವ ಒಂದು ಹುಳದ ಮರಿಗಳು ಇಲಿಹಿಕ್ಕೆಯ ಮೂಲಕ ಬಸವನಹುಳುವಿಗೆ ಸೇರುತ್ತವೆ. ಅಂಥ ಬಸವನಹುಳುವನ್ನು ಹಸಿಯಾಗಿ ಅಥವಾ ಅರೆಬೆಂದದ್ದಾಗಿ ತಿಂದರೆ, ಇಲ್ಲವೇ ತೊಳೆಯದ ಹಸಿಸೊಪ್ಪಿನ ಜೊತೆ ಮರಿಹುಳು ಹೊಟ್ಟೆಗೆ ಹೋದರೆ, ಮನುಷ್ಯನಲ್ಲಿ ಮಿದುಳುಪೊರೆಯ ಉರಿಯೂತ ಬರಬಹುದು. ಕೇರಳದಲ್ಲಿ ಇಂಥ ಪ್ರಕರಣಗಳು ವರದಿಯಾಗಿವೆ, ಉಡದ ಹಸಿ ಮಾಂಸ ತಿಂದವರಲ್ಲೂ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮುಟ್ಟಿದ ಮಾತ್ರಕ್ಕೆ ಬರುವ ಕಾಯಿಲೆ ಅಲ್ಲ. ಮುಟ್ಟಿದ ಕೈ ಬಾಯಿಗೆ ಹೋಗಬಾರದು ಅಷ್ಟೆ. ಬೇಯಿಸಿದ ಬಸಳೆಗೆ ಭಯವಿಲ್ಲ. ಹಸಿ ತಿನ್ನುವ ಕೊತ್ತಂಬರಿ, ಒಂದೆಲಗವನ್ನು ಎಲೆ ಎಲೆ ಬಿಡಿಸಿ ತೊಳೆಯಿರಿ. ಸಣ್ಣ ಮಕ್ಕಳಿಂದ ಹೆಕ್ಕಿಸಬೇಡಿ. ಅವರಿಗೆ ಕುದ್ರುವಿನ ನಕ್ಷೆ ಬರೆದು ಹುಳು ಕಂಡ ಹಿತ್ತಿಲಿಗೆ ಗುರುತು ಹಾಕುವ ಕೆಲಸ ಕೊಡಿ. ತೀವ್ರ ತಲೆನೋವು, ಕತ್ತು ಬಿಗಿತ, ಮೈಯಲ್ಲಿ ಮುಳ್ಳು ಚುಚ್ಚಿದಂತಾಗುವುದು ಕಂಡರೆ ಮನೆಮದ್ದು, ಜಂತುಹುಳದ ಮಾತ್ರೆ ಎನ್ನದೆ ವೈದ್ಯರ ಬಳಿ ಹೋಗಿ, ಊರಲ್ಲಿ ಈ ಹುಳು ಇದೆ ಎಂಬುದನ್ನೂ ಹೇಳಿ.

ಕೊನೆ ಇದೆಯಾ ಎಂದು ಕೇಳಿದ್ದೀರಿ. ಅಮೆರಿಕದ ಫ್ಲಾರಿಡಾದಲ್ಲಿ 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳು ತಂದ, ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ 18,000 ಆದವು. ಮನೆಮನೆ ಹುಡುಕಿ 1975ರ ಹೊತ್ತಿಗೆ ಪೂರ್ತಿ ತೆಗೆದರು. 2011ರಲ್ಲಿ ಅದೇ ಮಯಾಮಿಯಲ್ಲಿ ಮತ್ತೆ ಕಂಡವು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಕ್ಕಿ 2021ರಲ್ಲಿ ಮುಗಿಯಿತೆಂದರು. ಮರುವರ್ಷ ಅದೇ ರಾಜ್ಯದ ಇನ್ನೊಂದು ಕಡೆ ಕಾಣಿಸಿಕೊಂಡವು. ತೆಗೆಯಲು ಸಾಧ್ಯ, ಮತ್ತೆ ಬರಲೂ ಸಾಧ್ಯ. ನಿಮ್ಮ ಹೊಳೆಯ ಮೇಲ್ದಂಡೆಯಲ್ಲಿ ಹುಳು ಇದ್ದರೆ ಪ್ರತಿ ನೆರೆಗೂ ಒಂದೆರಡು ತೇಲಿ ಬರುತ್ತವೆ, ಅದನ್ನು ತಡೆಯಲಾಗದು. ಮೂವತ್ತೂ ಮನೆಗಳು ಎರಡು ಮೂರು ವರ್ಷ ಬೇಸಿಗೆಗೊಮ್ಮೆ, ಮೊದಲ ಮಳೆಗೊಮ್ಮೆ ಬಿಡದೆ ಹೆಕ್ಕಿದರೆ ಬಸಳೆ, ಬಪ್ಪಂಗಾಯಿ ಉಳಿಯುವ ಮಟ್ಟಕ್ಕೆ ತರಬಹುದು ಎಂಬ ಭರವಸೆ ನನಗಿದೆ. ಆಮೇಲಿನದು ನೆರೆ ಇಳಿದಾಗಲೆಲ್ಲ ದಡದ ಕಸದಲ್ಲೊಂದು ಸುತ್ತು ಹುಡುಕುವುದು.

ಮತ್ತೆ ಕಡವು. ಮಣ್ಣು, ಜಲ್ಲಿ, ಕೆಂಪುಕಲ್ಲು, ಗೊಬ್ಬರ, ಬಾಳೆಕಂದು, ಗ್ರೋಬ್ಯಾಗ್, ಏನೇ ದೋಣಿಯಲ್ಲಿ ಬಂದರೂ ಕಡವಿನ ಬಳಿ ಹುಲ್ಲು ಕೆತ್ತಿದ ಒಂದು ಜಾಗದಲ್ಲಿ ಒಂದು ರಾತ್ರಿ ನಿಲ್ಲಲಿ. ಸುತ್ತ ಒದ್ದೆ ಗೋಣಿ ಇರಲಿ. ಬೆಳಿಗ್ಗೆ ನೋಡಿ ಒಳಗೆ ಬಿಡಿ. ಮಣ್ಣನ್ನು ಕೆದರಿ ಮೊಟ್ಟೆಗೂ ಹುಡುಕಿ. ಬಾಳೆಕಂದನ್ನು ಬೇರಿನ ಮಣ್ಣು ಆಚೆ ದಡದಲ್ಲೇ ಕೊಡವಿ ತನ್ನಿ. ಈ ಒಂದು ನಿಯಮಕ್ಕೆ ಎಲ್ಲ ಮನೆಯವರ ಒಪ್ಪಿಗೆ ಅಯಲ್ಕೂಟದ ಪುಸ್ತಕದಲ್ಲಿ ಬರೆಸಿಕೊಳ್ಳಿ, ದೋಣಿಯವರ ಸಹಿಯೂ ಇರಲಿ. ಕುದ್ರುವಿನಿಂದ ಹೊರಗೆ ಕಂದು, ಗೊಬ್ಬರ ಕೊಡುವಾಗಲೂ ಅದೇ ನಿಯಮ.

ಸತ್ತ ಹುಳುವನ್ನು ಕೋಳಿಗೆ ಹಾಕಬಹುದಾ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಉಪ್ಪುನೀರಿನಲ್ಲಿ ಸತ್ತದ್ದು, ಮದ್ದು ತಾಗಿದ್ದು ಬೇಡ. ಕೋಳಿಗೆಂದೇ ಬೇರೆ ತೆಗೆದಿಟ್ಟ ಹುಳುವನ್ನು ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಬೇಯಿಸಿ, ಚಿಪ್ಪು ಬಿಡಿಸಿ, ಮಾಂಸ ಕೊಚ್ಚಿ ತವುಡಿನ ಜೊತೆ ಕೊಡಬಹುದು. ಚಿಪ್ಪನ್ನು ಪುಡಿಮಾಡಿ ಸ್ವಲ್ಪ ಸೇರಿಸಿದರೆ ಮೊಟ್ಟೆಯ ಓಡಿಗೆ ಸುಣ್ಣದಂಶವೂ ಸಿಗುತ್ತದೆ. ಅದಕ್ಕೆ ಬಳಸಿದ ಪಾತ್ರೆ ಅಡುಗೆಮನೆಗೆ ಬಾರದಿರಲಿ.